ಬಾಯಲ್ಲಿ ಎಳೆದ ಡೀಸೆಲ್

ಮಾವನಿಗೂ ಸೊಸೆಗೂ ಎಣ್ಣೆ ಸೀಗೇಕಾಯಿ ಎನ್ನುವುದು ಆ ಬೀದಿಗೆಲ್ಲ ಗೊತ್ತಿದ್ದ ಸಂಗತಿ. ಈ ಮನೆಯ ಮಟ್ಟಿಗೆ ಎಣ್ಣೆ ಎಂದರೆ ಡೀಸೆಲ್, ಅಷ್ಟೇ ವ್ಯತ್ಯಾಸ.

ಹಿತ್ತಿಲಲ್ಲಿ ಒಂದು ತಗಡಿನ ಶೆಡ್ಡು. ಒಳಗೆ ಒಂದು ಬದಿಗೆ ಟ್ರ್ಯಾಕ್ಟರ್, ಇನ್ನೊಂದು ಬದಿಗೆ ಸಿಮೆಂಟ್ ಇಟ್ಟಿಗೆಯ ಕಟ್ಟೆಯ ಮೇಲೆ ಇನ್ನೂರು ಲೀಟರಿನ ನೀಲಿ ಡ್ರಮ್ಮು. ಬಂಕು ಇದ್ದದ್ದು ಹನ್ನೆರಡು ಕಿಲೋಮೀಟರ್ ಆಚೆ, ಪೇಟೆಯಲ್ಲಿ. ದಿನಾ ಅಲ್ಲಿಗೆ ಟ್ರ್ಯಾಕ್ಟರ್ ಓಡಿಸಿಕೊಂಡು ಹೋದರೆ ತಂದದ್ದರಲ್ಲಿ ಅರ್ಧ ದಾರಿಗೇ ಖರ್ಚು. ಹಾಗಾಗಿ ತಿಂಗಳಿಗೊಮ್ಮೆ ಕ್ಯಾನುಗಳಲ್ಲಿ ತುಂಬಿಸಿ ತಂದು, ಹಳೆ ಬಟ್ಟೆಯಲ್ಲಿ ಸೋಸಿ, ಡ್ರಮ್ಮಿಗೆ ಸುರಿಯುತ್ತಿದ್ದರು. ಆ ಡ್ರಮ್ಮಿನ ಮೇಲೆ ಮಾವನದೇ ಅಧಿಕಾರ. ಶೆಡ್ಡಿನ ಬೀಗದ ಕೈ ಅವನ ಅಂಗಿ ಜೇಬಿನಲ್ಲಿ, ಬೀಳದ ಹಾಗೆ ಪಿನ್ನು ಚುಚ್ಚಿಕೊಂಡು, ಇಪ್ಪತ್ತು ವರ್ಷದಿಂದ ಅಲ್ಲೇ ಇತ್ತು. ಶೆಡ್ಡಿನ ಹತ್ತಿರ ಯಾರೂ ಬೀಡಿ ಹಚ್ಚುವ ಹಾಗಿಲ್ಲ. ಅಡುಗೆಮನೆಯ ಒಲೆಯನ್ನೇ ಆಚೆ ಗೋಡೆಗೆ ಸರಿಸಿದ್ದ. ಅಷ್ಟು ಜಾಗ್ರತೆಯ ಮನುಷ್ಯ, ಡೀಸೆಲ್ ತೆಗೆಯುವಾಗ ಮಾತ್ರ ಡ್ರಮ್ಮಿಗೆ ಪೈಪು ಇಳಿಬಿಟ್ಟು ಬಾಯಿಯಿಂದ ಎಳೆಯುತ್ತಿದ್ದ.

"ಬಾಯಲ್ಲಿ ಎಳೆದರೆ ಡೀಸೆಲ್ಲಿನ ಜಾತಕವೇ ಗೊತ್ತಾಗುತ್ತೆ. ನೀರು ಬೆರೆಸಿದಾರಾ, ಸೀಮೆಎಣ್ಣೆ ಬೆರೆಸಿದಾರಾ, ಎಲ್ಲಾ ನಾಲಿಗೆ ಹೇಳುತ್ತೆ" ಎನ್ನುತ್ತಿದ್ದ. ಎಳೆದದ್ದು ಬಾಯಿಗೆ ಬರುವ ಹೊತ್ತಿಗೆ ಸರಿಯಾಗಿ ಹೆಬ್ಬೆರಳು ಒತ್ತಿ, ಪೈಪನ್ನು ಕ್ಯಾನಿಗೆ ತಿರುಗಿಸಿ, ಪಕ್ಕಕ್ಕೆ ಥೂ ಎಂದು ಉಗುಳುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ.

ಮೊದಲು ಟ್ರ್ಯಾಕ್ಟರ್ ಓಡಿಸುತ್ತಿದ್ದವನೂ ಅವನೇ. ಮಂಡಿ ಕೈಕೊಟ್ಟ ಮೇಲೆ ಕ್ಲಚ್ಚು ಒತ್ತಲಾಗದೆ ಇಳಿದ. ಮಗ ಹತ್ತಬೇಕಿತ್ತು. ಅವನಿಗೆ ಹೊಲ ಎಂದರೆ ಅಲರ್ಜಿ. ಪೇಟೆಯಲ್ಲಿ ಪಂಕ್ಚರ್ ಅಂಗಡಿ ಹಾಕಿಕೊಂಡು ಬೆಳಗ್ಗೆ ಹೋದರೆ ಕತ್ತಲಾದ ಮೇಲೆ ಮನೆ. ಕೊನೆಗೆ ಹತ್ತಿದವಳು ಸೊಸೆ. ಅವಳ ಅಪ್ಪ ಟ್ರ್ಯಾಕ್ಟರ್ ಮೆಕ್ಯಾನಿಕ್. ಹುಡುಗಿ ಆಡಿ ಬೆಳೆದದ್ದೇ ಗ್ಯಾರೇಜಿನ ಗ್ರೀಸಿನಲ್ಲಿ. ಮೊದಲ ಹಂಗಾಮಿನಲ್ಲೇ ನೇಗಿಲ ಸಾಲು ದಾರ ಹಿಡಿದ ಹಾಗೆ ಹೊಡೆದಳು. ನೋಡಿದವರು "ಡ್ರೈವರಮ್ಮ" ಎಂದು ಕರೆಯತೊಡಗಿದರು. ಮಾವನ ಹೊಲಕ್ಕಷ್ಟೇ ಅಲ್ಲ, ಬೇರೆಯವರ ಹೊಲಕ್ಕೂ, ಇಟ್ಟಿಗೆ ಮರಳು ಸಾಗಿಸುವುದಕ್ಕೂ ಜನ ಅವಳನ್ನೇ ಕೇಳಿಕೊಂಡು ಬಂದರು. ಮನೆ ಮುಂದೆ ನಿಂತು "ಯಜಮಾನರೇ" ಎಂದು ಕೂಗುತ್ತಿದ್ದ ಬಾಯಿಗಳು "ಡ್ರೈವರಮ್ಮ ಇದಾರಾ?" ಎಂದು ಕೂಗತೊಡಗಿದ ದಿನದಿಂದ ಮಾವನ ಹೊಟ್ಟೆಯಲ್ಲಿ ಕೆಂಡ ಬಿತ್ತು.

ಸ್ಟೀರಿಂಗ್ ಅವಳ ಕೈಯಲ್ಲಿತ್ತು, ಡ್ರಮ್ಮು ಅವನ ಕೈಯಲ್ಲಿತ್ತು. ಜಗಳಕ್ಕೆ ಇಷ್ಟು ಸಾಕಾಯಿತು.

ಪ್ರತಿ ಬೆಳಗ್ಗೆ ಅವಳು ಶೆಡ್ಡಿನ ಮುಂದೆ ನಿಂತು ಕೇಳಬೇಕು. ಅವನು ನಿಧಾನಕ್ಕೆ ಟೀ ಮುಗಿಸಿ, ನಿಧಾನಕ್ಕೆ ಚಪ್ಪಲಿ ಮೆಟ್ಟಿ, ಪಿನ್ನು ಬಿಚ್ಚಿ, ಬೀಗ ತೆಗೆಯಬೇಕು. ಅವಳು ಹದಿನೈದು ಲೀಟರ್ ಬೇಕೆಂದರೆ ಎಂಟು ಕೊಡುವನು.

"ಎಂಟರಲ್ಲಿ ಮೂರೆಕರೆ ಆಗಲ್ಲ ಮಾವಾ."

"ನಾನು ಹೊಡೀತಿದ್ದಾಗ ಆಗ್ತಿತ್ತು. ಆಗದೆ ಇದ್ದರೆ ಓಡಿಸೋರ ಕಾಲಲ್ಲಿ ದೋಷ."

ಹೊಲದ ನಡುವೆ ಡೀಸೆಲ್ ಮುಗಿದು ಎಂಜಿನ್ ಕೆಮ್ಮಿ ನಿಲ್ಲುವುದು ಅವಳಿಗೆ ಮಾಮೂಲಾಯಿತು. ಡೀಸೆಲ್ ಎಂಜಿನ್ ಹಾಗೆ ಬರಿದಾಗಿ ನಿಂತರೆ, ಮತ್ತೆ ತುಂಬಿಸಿದ ಮಾತ್ರಕ್ಕೆ ಹೊರಡುವುದಿಲ್ಲ. ಪೈಪಿನೊಳಗೆ ಗಾಳಿ ಸೇರಿಕೊಂಡಿರುತ್ತದೆ. ಸ್ಪ್ಯಾನರಿನಿಂದ ನಟ್ಟು ಸಡಿಲಿಸಿ, ಗುಳ್ಳೆ ಬರುವುದು ನಿಲ್ಲುವ ತನಕ ಗಾಳಿ ತೆಗೆಯಬೇಕು. ಹತ್ತು ಜನ ಕೂಲಿಯವರು ಸೊಂಟಕ್ಕೆ ಕೈಯಿಟ್ಟು ನೋಡುತ್ತಿರುವಾಗ ಅವಳು ಮಣ್ಣಿನಲ್ಲಿ ಮಂಡಿಯೂರಿ ಆ ಕೆಲಸ ಮಾಡುತ್ತಿದ್ದಳು. ಬದುವಿನ ಮೇಲೆ ಮಾವ ನಿಂತಿರುತ್ತಿದ್ದ. ಬೇಕಾದ್ದು ನೋಡಿಕೊಂಡು ಮನೆಗೆ ಹೋಗುತ್ತಿದ್ದ.

ಬೇಸಿಗೆಯಲ್ಲಿ ಅವಳು ಪೇಟೆಯಿಂದ ಒಂದು ಕೈಪಂಪು ತಂದಳು. ಡ್ರಮ್ಮಿನ ಬಾಯಿಗೆ ತಿರುಗಿಸಿ ಕೂರಿಸಿದರೆ, ಹಿಡಿ ತಿರುಗಿಸಿದ ಹಾಗೆಲ್ಲ ಮೂತಿಯಿಂದ ಡೀಸೆಲ್ ಬರುತ್ತದೆ. ಬಾಯಿ ಹಾಕುವ ಕೆಲಸವಿಲ್ಲ, ನೆಲದ ಮೇಲೆ ಚೆಲ್ಲುವುದೂ ಇಲ್ಲ. ಕೂರಿಸಿದ ಮಾರನೇ ದಿನ ನೋಡಿದರೆ ಪಂಪು ತಿಪ್ಪೆಯಲ್ಲಿ ಬಿದ್ದಿತ್ತು. ತೊಳೆದು ಮತ್ತೆ ಕೂರಿಸಿದಳು. ಮತ್ತೆ ತಿಪ್ಪೆಗೆ ಹೋಯಿತು. ಮೂರನೇ ಸಲ ಹಿಡಿಯೇ ಮುರಿದಿತ್ತು. ಸುತ್ತಿಗೆಯ ಏಟಿನ ಗುರುತು ಎದ್ದು ಕಾಣುತ್ತಿತ್ತು.

"ಯಾಕೆ ಮುರಿದ್ರಿ?" ಎಂದು ಕೇಳಿದಳು.

"ನನ್ನ ಡ್ರಮ್ಮಿಗೆ ನಲ್ಲಿ ಹಾಕೋಕೆ ನೀನ್ಯಾರು? ನಿಮ್ಮಪ್ಪನ ಗ್ಯಾರೇಜು ಅಂದ್ಕೊಂಡ್ಯಾ?"

"ನಮ್ಮಪ್ಪನ ಗ್ಯಾರೇಜಲ್ಲಿ ಒಬ್ಬರು ಹೀಗೇ ಬಾಯಲ್ಲಿ ಎಳೆದು ಸತ್ತಿದಾರೆ. ಎದೆಗೆ ಹೋದರೆ ಏನಾಗುತ್ತೆ ಗೊತ್ತಾ ನಿಮಗೆ?"

"ಸಾಯ್ಲಿ ಅಂತ ಕಾಯ್ತಿದೀಯ, ಅದನ್ನ ನೇರವಾಗಿ ಹೇಳು."

ಗಂಡನಿಗೆ ಹೇಳಿದಳು. ಅವನು ಊಟದ ತಟ್ಟೆಯಿಂದ ತಲೆಯೆತ್ತದೆ, "ನಿಮ್ಮಿಬ್ಬರ ನಡುವೆ ನನ್ನ ಎಳೀಬೇಡ ಮಾರಾಯ್ತಿ. ದಿನವೆಲ್ಲ ಟೈರು ಎಳೆದು ಸಾಕಾಗಿದೆ" ಎಂದ. ತನ್ನ ಮಾತಿಗೆ ತಾನೇ ನಕ್ಕ. ಅವಳು ನಗಲಿಲ್ಲ.

ಅದಾಗಿ ಹದಿನೈದು ದಿನಕ್ಕೆ ಆ ಬುಧವಾರ ಬಂತು.

ಗಾರೆಯವನೊಬ್ಬನ ಕೆಲಸಕ್ಕೆ ಇಟ್ಟಿಗೆ ಸಾಗಿಸಬೇಕಿತ್ತು. ಟ್ರೇಲರ್ ಸಿಕ್ಕಿಸಿ, ಎಂಜಿನ್ನಿನ ಆಯಿಲ್ ನೋಡಿ, ಸಿದ್ಧವಾಗಿ ನಿಂತಾಗ ಒಂಬತ್ತೂವರೆ. ಟ್ಯಾಂಕಿನ ಮುಳ್ಳು ಕೆಂಪಿನಲ್ಲಿ ಮಲಗಿತ್ತು. ಹಿಂದಿನ ದಿನ ಅವನು ಕೊಟ್ಟದ್ದು ಮನೆಗೆ ಬಂದು ಮುಟ್ಟುವಷ್ಟಕ್ಕೆ ಸರಿಯಾಗಿತ್ತು. ಮಾವ ಬೀಗ ತೆಗೆದು ಒಳಗೆ ಬಂದ, ಅಳತೆ ಕೋಲನ್ನು ಡ್ರಮ್ಮಿಗೆ ಇಳಿಸಿದ. ತಳದಲ್ಲಿ ಒಂದು ಗೇಣು ಉಳಿದಿತ್ತು.

"ಶನಿವಾರ ಇದ್ದದ್ದಕ್ಕೂ ಇವತ್ತಿಗೂ ನಾಲ್ಕು ಬೆರಳು ಕಡಿಮೆ" ಎಂದ.

"ನೀವೇ ಕೊಟ್ಟಿದ್ದು. ನೀವೇ ಬೀಗ ಹಾಕಿದ್ದು."

"ಬೀಗಕ್ಕೆ ಇನ್ನೊಂದು ಕೈ ಮಾಡಿಸೋಕೆ ಎಷ್ಟು ಹೊತ್ತು? ನಿನ್ನ ತವರಿನ ಗ್ಯಾರೇಜಿಗೆ ಎಷ್ಟು ಕ್ಯಾನು ಹೋಯ್ತು?"

ಅವಳಿಗೆ ಮೈಯೆಲ್ಲ ಉರಿಯಿತು. ಅಪ್ಪ ಕಣ್ಣು ಕಾಣದೆ ಗ್ಯಾರೇಜು ಮುಚ್ಚಿ ಎರಡು ವರ್ಷವಾಗಿತ್ತು; ಅದು ಮಾವನಿಗೂ ಗೊತ್ತಿತ್ತು. "ಬಾಯಿಗೆ ಬಂದ ಹಾಗೆ ಮಾತಾಡಬೇಡಿ" ಎಂದಳು. "ಡೀಸೆಲ್ ಕೊಡ್ತೀರೋ ಇಲ್ವೋ? ಗಾರೆಯವರು ಕಾಯ್ತಿದಾರೆ."

ಅವನು ಪೈಪು ಇಳಿಬಿಟ್ಟ, ಇನ್ನೊಂದು ತುದಿ ಬಾಯಿಗಿಟ್ಟ. ಡೀಸೆಲ್ ತಳದಲ್ಲಿದ್ದಾಗ ಉದ್ದಕ್ಕೆ, ಬಲವಾಗಿ ಎಳೆಯಬೇಕು. ಒಂದು ಸಲ ಎಳೆದ. ಅರ್ಧಕ್ಕೆ ಬಂದು ಇಳಿಯಿತು. ಎರಡನೇ ಸಲ ಎಳೆದ. ಆಗ ಅವಳು, ಕೇಳಿಸಬೇಕೆಂದೇ, "ಕಳ್ಳಿಯನ್ನ ಡ್ರೈವರ್ ಮಾಡ್ಕೊಂಡಿರೋ ಯಜಮಾನನಿಗೆ ನಾಚಿಕೆ ಆಗಬೇಕು" ಎಂದಳು.

ಅವನಿಗೆ ತಡೆಯಲಾಗಲಿಲ್ಲ. ಬಾಯಲ್ಲಿ ಪೈಪು ಇರುವಂತೆಯೇ ಏನೋ ಬೈಯಲು ಹೋದ, ಅದಕ್ಕೆ ಉಸಿರು ಒಳಗೆಳೆದುಕೊಂಡ. ಸರಿಯಾಗಿ ಆ ಹೊತ್ತಿಗೆ ಡೀಸೆಲ್ ಬಂದು ಬಾಯಿ ತುಂಬಿತು.

ಕೆಮ್ಮು ಎಂದರೆ ಅಂಥಾ ಕೆಮ್ಮನ್ನು ಅವಳು ಹಿಂದೆ ಕೇಳಿರಲಿಲ್ಲ. ಪೈಪು ಕೈಜಾರಿತು. ಅವನು ಗೋಡೆ ಹಿಡಿದ, ಗೋಡೆಯಿಂದ ನೆಲಕ್ಕೆ ಜಾರಿದ. ಕಣ್ಣು ಹೊರಗೆ ಬಂದ ಹಾಗಿತ್ತು. ಮೂಗಿನಿಂದಲೂ ಡೀಸೆಲ್ ಸುರಿದು ಅಂಗಿಯ ಎದೆಯೆಲ್ಲ ನೆನೆಯಿತು. ಅವಳು ಓಡಿ ಹೋಗಿ ಒಂದು ಮಗ್ಗುಲಿಗೆ ಹೊರಳಿಸಿದಳು, ನೆನೆದ ಅಂಗಿಯನ್ನು ಗುಂಡಿ ಕಿತ್ತು ಬಿಚ್ಚಿದಳು. ಅಂಗಿಯ ಜೊತೆ ಬೀಗದ ಕೈಯೂ ಅವಳ ಕೈಗೆ ಬಂತು. ಅದು ಆಗ ಅವಳ ಲಕ್ಷ್ಯಕ್ಕೇ ಬರಲಿಲ್ಲ.

ಸದ್ದು ಕೇಳಿ ಅತ್ತೆ ಅಡುಗೆಮನೆಯಿಂದ ಬಂದಳು. ಗಂಡನ ತುಟಿ ನೀಲಿಗಟ್ಟಿದ್ದು ನೋಡಿ ಎದೆ ಬಡಿದುಕೊಂಡಳು. ಮತ್ತೆ ಒಳಗೋಡಿ ಒಂದು ಪಾತ್ರೆಯ ತುಂಬ ಉಪ್ಪುನೀರು ಕಲಸಿಕೊಂಡು ಬಂದಳು.

"ಕುಡೀರಿ, ಕುಡೀರಿ, ವಾಂತಿ ಆಗಿಬಿಡ್ಲಿ..."

"ಬೇಡ ಅತ್ತೆ! ವಾಂತಿ ಮಾಡಿಸಬಾರದು!"

"ದೂರ ಹೋಗೇ! ಎಣ್ಣೆ ಹೊಟ್ಟೇಲಿ ಇಟ್ಕೊಂಡು ಸಾಯ್ಬೇಕಾ ಅವರು?"

ಅತ್ತೆ ಪಾತ್ರೆಯನ್ನು ಅವನ ಬಾಯಿಗೆ ಹಿಡಿದೇ ಬಿಟ್ಟಳು. ವಿವರಿಸುತ್ತ ಕೂರಲು ಹೊತ್ತಿರಲಿಲ್ಲ. ಸೊಸೆ ಕೈಬೀಸಿ ಹೊಡೆದಳು. ಪಾತ್ರೆ ಹಾರಿ ಟ್ರ್ಯಾಕ್ಟರಿನ ಚಕ್ರಕ್ಕೆ ಬಡಿದು ಉರುಳಿತು. ಕೂಗಾಟ ಕೇಳಿ ಪಕ್ಕದ ಮನೆಯ ದರ್ಜಿಯೂ ಅವನ ಹೆಂಡತಿಯೂ ಬಾಗಿಲಿಗೆ ಬಂದಿದ್ದರು. ಅವರೂ ನೋಡಿದರು.

ಇನ್ನು ಆಸ್ಪತ್ರೆ. ಬೀದಿಯಲ್ಲಿದ್ದ ಒಂದೇ ಒಂದು ವ್ಯಾನು ಬೆಳಗ್ಗೆಯೇ ಬಾಡಿಗೆಗೆ ಹೋಗಿತ್ತು. ಪೇಟೆಯಿಂದ ಆಂಬುಲೆನ್ಸ್ ಕರೆಸಿದರೆ ಬರುವುದಕ್ಕೊಂದು ಹೊತ್ತು, ಹೋಗುವುದಕ್ಕೊಂದು ಹೊತ್ತು. ಟ್ರ್ಯಾಕ್ಟರಿನಲ್ಲಿ ಡೀಸೆಲ್ ಇಲ್ಲ. ಅವಳು ತಿರುಗಿ ನೋಡಿದಳು. ಜಾರಿ ಬಿದ್ದ ಪೈಪಿನಿಂದ ಡೀಸೆಲ್ ನೆಲಕ್ಕೆ ಹರಿಯುತ್ತಲೇ ಇತ್ತು. ಅವನು ಎಳೆದದ್ದು ಒಮ್ಮೆ ಬಂದ ಮೇಲೆ ತಾನಾಗಿ ಸುರಿಯುತ್ತಿತ್ತು, ನಿಂತಿರಲಿಲ್ಲ. ಅವಳು ಪೈಪನ್ನೆತ್ತಿ ಕ್ಯಾನಿಗೆ ಬಿಟ್ಟಳು. ಹತ್ತು ಲೀಟರಿನ ಬಿಳಿ ಪ್ಲಾಸ್ಟಿಕ್ ಕ್ಯಾನು. ಒಳಗೆ ಹಳದಿ ಮಟ್ಟ ಏರುವುದು ಹೊರಗೇ ಕಾಣುತ್ತಿತ್ತು. ಅವಳು ಅದನ್ನು ಹಿಡಿದುಕೊಂಡು ನಿಂತಳು. ಹಿಂದೆ ಮಾವ ಕೆಮ್ಮುತ್ತಿದ್ದ, ಅತ್ತೆ ಅಳುತ್ತಿದ್ದಳು, ದರ್ಜಿಯ ಹೆಂಡತಿ "ಅಯ್ಯೋ, ಅಯ್ಯೋ" ಎನ್ನುತ್ತಿದ್ದಳು. ಕ್ಯಾನು ಕುತ್ತಿಗೆ ತನಕ ತುಂಬಿತು. ಟ್ಯಾಂಕಿಗೆ ಸುರಿದಳು, ಹಾಸಿಗೆ ತರಿಸಿ ಟ್ರೇಲರಿಗೆ ಹಾಕಿಸಿದಳು, ದರ್ಜಿಯೂ ಅವಳೂ ಸೇರಿ ಮುದುಕನನ್ನು ಹೊತ್ತು ಹಾಕಿದರು.

ಹನ್ನೆರಡು ಕಿಲೋಮೀಟರ್ ಹೋಗಲು ಅರ್ಧ ಗಂಟೆಗೂ ಮೇಲೆ ಬೇಕಾಯಿತು. ಅಷ್ಟು ಹೊತ್ತೂ ಟ್ರೇಲರಿನಲ್ಲಿ ಗಂಡನ ತಲೆ ಹಿಡಿದು ಕೂತ ಅತ್ತೆ ಎಂಜಿನ್ನಿನ ಸದ್ದಿಗಿಂತ ಜೋರಾಗಿ ಸೊಸೆಯ ವಂಶವನ್ನೆಲ್ಲ ಜಾಲಾಡಿದಳು. ಸೊಸೆ ತಿರುಗಿ ನೋಡಲಿಲ್ಲ. ಹೊಂಡ ಬಂದಲ್ಲಿ ನಿಧಾನ, ನೇರ ರಸ್ತೆ ಬಂದಲ್ಲಿ ಜೋರು. ಅವಳ ಗಮನ ಅಷ್ಟರಲ್ಲೇ ಇತ್ತು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮೊದಲು ಕೇಳಿದ್ದು, "ವಾಂತಿ ಆಯ್ತಾ? ಏನಾದ್ರೂ ಕುಡಿಸಿದ್ರಾ?"

"ಇಲ್ಲ" ಎಂದಳು ಸೊಸೆ.

"ಕುಡಿಸೋಕೆ ಬಿಡಲಿಲ್ಲ ಡಾಕ್ಟ್ರೇ! ನಾನು ಉಪ್ಪುನೀರು ಕೊಡೋಕೆ ಹೋದರೆ ಹೊಡೆದು ಚೆಲ್ಲಿದ್ಲು ಇವಳು!" ಎಂದು ಅತ್ತೆ ಅಲ್ಲೇ ಗೋಳೋ ಎಂದಳು.

"ಒಳ್ಳೇದಾಯ್ತು" ಎಂದರು ಡಾಕ್ಟರಮ್ಮ, ಆಮ್ಲಜನಕದ ಮುಖವಾಡವನ್ನು ಮುದುಕನ ಮೂಗಿಗೆ ಕಟ್ಟುತ್ತ. "ವಾಂತಿ ಮಾಡಿಸಿದ್ರೆ ಹೊಟ್ಟೆಗೆ ಹೋಗಿದ್ದೂ ಎದೆಗೆ ಹೋಗ್ತಿತ್ತು. ಆಮೇಲೆ ನಮ್ಮ ಕೈಯಲ್ಲೂ ಏನೂ ಇರ್ತಿರಲಿಲ್ಲ."

ಅತ್ತೆಗೆ "ಒಳ್ಳೇದಾಯ್ತು" ಎಂಬ ಮೊದಲ ಮಾತು ಕೇಳಿ ಸಿಟ್ಟು ಬಂತು. ಮುಂದಿನದು ಅವಳ ಕಿವಿಗೆ ಹೋಗಲೇ ಇಲ್ಲ.

ಮುದುಕ ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದ. ಎದೆಗೆ ನಂಜಾಗಿ ಜ್ವರ ಏರಿತು, ಇಳಿಯಿತು. ಮೂರನೇ ದಿನ ನಾದಿನಿ ಬಂದಳು. ದೂರದಲ್ಲಿದ್ದವಳು, ಅಪ್ಪನ ಮುದ್ದಿನ ಮಗಳು. ವಾರ್ಡಿನ ಮುಂದಿನ ಉದ್ದ ಬೆಂಚಿನ ಮೇಲೆ ಅಮ್ಮ ಅವಳಿಗೆ ಎಲ್ಲ ಹೇಳಿದಳು, ದರ್ಜಿಯ ಹೆಂಡತಿ ಬಿಟ್ಟದ್ದನ್ನು ತುಂಬಿಸಿದಳು. ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಅತ್ತೆ ತಂದ ಪಾತ್ರೆಯನ್ನು ಸೊಸೆ ಹೊಡೆದು ಚೆಲ್ಲಿದಳು. ಅಂಗಿ ಹರಿದು ಬೀಗದ ಕೈ ತಗೊಂಡಳು. ಮುದುಕ ಉಸಿರಿಗೆ ಒದ್ದಾಡುತ್ತಿದ್ದರೆ ಬೆನ್ನು ತಿರುಗಿಸಿ ನಿಂತು ಕ್ಯಾನು ತುಂಬಿಸಿಕೊಂಡಳು.

ನಾದಿನಿ ನೇರವಾಗಿ ಬಂದು ಎದುರು ನಿಂತಳು. "ಅತ್ತಿಗೆ, ಬೀಗದ ಕೈ ಎಲ್ಲಿದೆ?"

"ನನ್ನ ಹತ್ತಿರ ಇದೆ."

"ಅಪ್ಪ ಸಾಯೋಕೆ ಮುಂಚೇನೇ ಜೇಬಿಗೆ ಕೈ ಹಾಕಿದ್ಯಲ್ಲ. ನೀನು ಮನುಷ್ಯಳೇನೇ?"

ವಾರ್ಡಿನವರೆಲ್ಲ ತಿರುಗಿ ನೋಡಿದರು. ಗಂಡನೂ ಅಲ್ಲೇ ಇದ್ದ, ಗೋಡೆಗೊರಗಿ. ಆಮೇಲೆ ಹೊರಗೆ ಮೆಟ್ಟಿಲ ಹತ್ತಿರ ಹೆಂಡತಿಯನ್ನು ಕರೆದು, ಅವಳ ಮುಖ ಬಿಟ್ಟು ಬೇರೆಲ್ಲ ಕಡೆ ನೋಡುತ್ತ ಕೇಳಿದ: "ನೀನು ನಿಜವಾಗ್ಲೂ ಪಾತ್ರೆ ಹೊಡೆದು ಚೆಲ್ಲಿದ್ಯಾ?"

"ಹೂಂ."

"ಕ್ಯಾನು ತುಂಬಿಸ್ತಾ ನಿಂತಿದ್ಯಂತೆ?"

"ಟ್ಯಾಂಕು ಖಾಲಿ ಇತ್ತು. ಖಾಲಿ ಯಾಕಿತ್ತು ಅಂತ ನಿಮ್ಮಪ್ಪನ್ನ ಕೇಳಿ. ಪಾತ್ರೆ ಯಾಕೆ ಚೆಲ್ಲಿದೆ ಅಂತ ಡಾಕ್ಟ್ರನ್ನ ಕೇಳಿ. ಎರಡು ಮೆಟ್ಟಿಲು ಮೇಲೇ ಇದಾರೆ."

ಅವನು ಕೇಳಲು ಹೋಗಲಿಲ್ಲ. ಅಂಗಡಿ ತೆರೆಯಲು ಹೊತ್ತಾಯಿತೆಂದು ಹೋದ.

ಅವಳು ಆ ಮಧ್ಯಾಹ್ನ ಮನೆಗೆ ಬಂದು, ಮುರಿದ ಪಂಪಿಗೆ ಕಬ್ಬಿಣದ ಕೆಲಸದವನ ಹತ್ತಿರ ಹೊಸ ಹಿಡಿ ಬೆಸೆಸಿ, ಡ್ರಮ್ಮಿಗೆ ಕೂರಿಸಿದಳು. ಪೈಪನ್ನು ಗೇಣುದ್ದದ ತುಂಡುಗಳಾಗಿ ಕತ್ತರಿಸಿ ತಿಪ್ಪೆಗೆ ಎಸೆದಳು. ನೆಲದ ಮೇಲೆ ಚೆಲ್ಲಿದ್ದರ ಮೇಲೆ ಮರಳು ಹರಡಿ, ಗುಡಿಸಿ, ಹೊರಗೆ ಹಾಕಿದಳು. ಮಾತಾಡಲು ಮನೆಯಲ್ಲಿ ಯಾರೂ ಇರಲಿಲ್ಲ.

ಮುದುಕ ಮನೆಗೆ ಬಂದ. ಅರ್ಧ ಆಳಾಗಿದ್ದ, ಹತ್ತು ಹೆಜ್ಜೆಗೆ ಏದುಸಿರು. ಆದರೂ ಮೊದಲು ಹೋದದ್ದು ಶೆಡ್ಡಿಗೆ. ಪಂಪು ನೋಡಿದ.

"ಬೀಗದ ಕೈ ಕೊಡು."

"ಕೊಡಲ್ಲ."

"ಟ್ರ್ಯಾಕ್ಟರ್ ನಂದು."

"ಹೌದು, ನಿಮ್ಮದೇ. ಓಡಿಸಿಕೊಳ್ಳಿ. ಇನ್ನೊಬ್ಬರ ಹತ್ತಿರ ಓಡಿಸಿಕೊಳ್ಳಿ. ನಾನು ಓಡಿಸೋದಾದರೆ ಡೀಸೆಲ್ ನನ್ನ ಕೈಯಲ್ಲಿ."

ಬೀಗದ ಕೈಯನ್ನು ಅವನ ಕೈಗೆ ಕೊಡಲಿಲ್ಲ, ಬಾನೆಟ್ಟಿನ ಮೇಲಿಟ್ಟು ಹೊರಗೆ ಬಂದಳು. ನಾಲ್ಕು ದಿನ ಟ್ರ್ಯಾಕ್ಟರ್ ನಿಂತಿತು. ಬಿತ್ತನೆ ತಲೆಯ ಮೇಲಿತ್ತು. ಮುದುಕ ಪೇಟೆಯಿಂದ ಒಬ್ಬ ಡ್ರೈವರನ್ನು ಕರೆಸಿದ. ಅವನಿಗೂ ಎಂಟೇ ಲೀಟರ್ ಕೊಟ್ಟ. ಹೊಲದ ನಡುವೆ ಎಂಜಿನ್ ನಿಂತಿತು, ಗಾಳಿ ಸೇರಿಕೊಂಡಿತು. ಅವನು ಒಂದು ಗಂಟೆ ಸೆಲ್ಫ್ ಹೊಡೆದು ಬ್ಯಾಟರಿಯನ್ನೂ ಮುಗಿಸಿ, "ಇಂಥಾ ಜಿಪುಣರ ಹತ್ತಿರ ನನ್ನ ಕೈಲಾಗಲ್ಲ" ಎಂದು ನಡೆದೇ ಹೋದ. ಐದನೇ ದಿನ ಅತ್ತೆ ಬಂದು ಬೀಗದ ಕೈಯನ್ನು ಸೊಸೆಯ ಕಾಲ ಬಳಿ ಎಸೆದಳು.

"ತಗೊಂಡು ಹಾಳಾಗು."

ಅವಳು ಬಗ್ಗಿ ಎತ್ತಿಕೊಂಡಳು. ಕ್ಯಾನು ತುಂಬಿಸಿಕೊಂಡು ಹೊಲಕ್ಕೆ ಹೋಗಿ, ಟ್ಯಾಂಕಿಗೆ ಸುರಿದು ಗಾಳಿ ತೆಗೆದಳು, ಬ್ಯಾಟರಿ ಬದಲಿಸಿದಳು, ಕತ್ತಲಾಗುವ ಮುಂಚೆ ಎರಡೆಕರೆ ಮುಗಿಸಿದಳು. ಆ ವರ್ಷದ ಬಿತ್ತನೆ ಒಂದು ದಿನವೂ ತಪ್ಪಲಿಲ್ಲ. ಆದರೆ ಮನೆಯಲ್ಲಿ ಅವಳ ಜೊತೆ ಮಾತು ನಿಂತೇಹೋಯಿತು. ಏನಾದರೂ ಬೇಕಾದರೆ ಮುದುಕ ಗೋಡೆಗೆ ಹೇಳುತ್ತಿದ್ದ: "ಟ್ರೇಲರಿನ ಟೈರು ಸವೆದಿದೆ ಅಂತ ಹೇಳ್ರೋ ಯಾರಾದ್ರೂ." ಅವಳೂ ಗೋಡೆಗೇ "ಕಂಡಿದೆ" ಎನ್ನುತ್ತಿದ್ದಳು.

ಕೊಯ್ಲಿನ ಹೊತ್ತಿಗೆ ಒಂದು ದಿನ ಅವರಿಬ್ಬರೇ ಮನೆಯಲ್ಲಿದ್ದರು. ಅವಳು ಪಂಪಿನ ಹಿಡಿ ತಿರುಗಿಸಿ ಕ್ಯಾನು ತುಂಬಿಸುತ್ತಿದ್ದಳು. ಮುದುಕ ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತು ನೋಡುತ್ತಿದ್ದ. ಆರು ತಿಂಗಳಿನಿಂದ ಕೇಳಬೇಕೆಂದುಕೊಂಡಿದ್ದನ್ನು ಅವಳು ಕೇಳಿಯೇ ಬಿಟ್ಟಳು.

"ಮನೆಗೆ ಕಳಿಸೋ ದಿನ ಡಾಕ್ಟರಮ್ಮ ನಿಮಗೆ ಎಲ್ಲಾ ಹೇಳಿದಾರೆ. ನರ್ಸು ನನಗೆ ಹೇಳಿದ್ಲು. ಉಪ್ಪುನೀರು ಕುಡಿದಿದ್ರೆ ನೀವು ಉಳೀತಿರಲಿಲ್ಲ. ಗೊತ್ತಲ್ವಾ ನಿಮಗೆ?"

"ಗೊತ್ತು."

"ಗೊತ್ತಿದ್ದೂ ಮಗಳಿಗೆ ಹೇಳಲಿಲ್ಲ. ಮಗನಿಗೂ ಹೇಳಲಿಲ್ಲ."

ಅವನು ಕುರ್ಚಿಯ ಕೈ ಹಿಡಿದು ಉಸಿರು ಸರಿಮಾಡಿಕೊಂಡ. ಆಮೇಲೆ, ಬೈಯುವ ದನಿಯಲ್ಲಲ್ಲ, ಲೆಕ್ಕ ಕೇಳುವವನ ದನಿಯಲ್ಲಿ ಹೇಳಿದ:

"ಪೇಟೆಗೆ ಮೂರು ಲೀಟರ್ ಸಾಕು. ನನಗಿಂತ ಚೆನ್ನಾಗಿ ನಿನಗೆ ಗೊತ್ತು. ನಾನು ಅಲ್ಲಿ ಬಿದ್ದು ನೋಡ್ತಾ ಇದ್ದೆ. ಮೂರಕ್ಕೆ ಬಂತು, ಐದಕ್ಕೆ ಬಂತು. ನೀನು ನಿಲ್ಲಿಸಲಿಲ್ಲ."

ಅವಳ ಕೈ ಹಿಡಿಯ ಮೇಲೆ ನಿಂತಿತು.

ಹೇಳಬಹುದಾಗಿತ್ತು: ದಾರಿಯಲ್ಲಿ ನಿಂತರೆ ಎಂಬ ಭಯ ಎಂದು, ಗಾಬರಿಯಲ್ಲಿ ಗೊತ್ತಾಗಲಿಲ್ಲ ಎಂದು. ಎರಡೂ ಸ್ವಲ್ಪ ಸ್ವಲ್ಪ ನಿಜವೇ. ಆದರೆ ಆ ಹೊತ್ತು ಕ್ಯಾನು ಹಿಡಿದು ನಿಂತಾಗ, ಹಳದಿ ಮಟ್ಟ ತಡೆಯಿಲ್ಲದೆ ಏರುತ್ತಿದ್ದಾಗ, ಮದುವೆಯಾಗಿ ಬಂದ ಮೇಲೆ ಮೊದಲ ಸಲ ಯಾರನ್ನೂ ಕೇಳದೆ ತುಂಬಿಸಿಕೊಳ್ಳುತ್ತಿದ್ದೇನೆ ಎಂದು ಅವಳಿಗೆ ಅನ್ನಿಸಿತ್ತು. ಅನ್ನಿಸಿದ್ದು ಚೆನ್ನಾಗಿ ನೆನಪಿತ್ತು. ಅರ್ಧ ನಿಮಿಷವೋ ಮುಕ್ಕಾಲು ನಿಮಿಷವೋ. ಅದನ್ನು ಅವಳು ಗಂಡನಿಗೆ ಹೇಳಿರಲಿಲ್ಲ, ಅಪ್ಪನಿಗೂ ಹೇಳಿರಲಿಲ್ಲ. ಲೋಕದಲ್ಲಿ ಅದನ್ನು ಕಂಡವನು ಈ ಒಬ್ಬನೇ.

"ಹೌದು" ಎಂದಳು. "ನಿಲ್ಲಿಸಲಿಲ್ಲ."

ಮುದುಕ ತಲೆಯಾಡಿಸಿದ. ಅದು ಕ್ಷಮಿಸಿದವನ ತಲೆಯಾಡಿಸುವಿಕೆ ಅಲ್ಲ. ಅಳತೆ ಸರಿಬಂದಾಗ ಕೋಲು ಒರೆಸಿ ಪಕ್ಕಕ್ಕಿಡುವವನದು. ಕುರ್ಚಿಯಿಂದ ಎದ್ದು, ಗೋಡೆ ಹಿಡಿದುಕೊಂಡು ಮನೆಯೊಳಗೆ ಹೋದ. ಅವಳು ಕ್ಯಾನಿನ ಮುಚ್ಚಳ ಬಿಗಿದು, ಟ್ಯಾಂಕಿಗೆ ಸುರಿದು, ಶೆಡ್ಡಿಗೆ ಬೀಗ ಹಾಕಿ, ಟ್ರ್ಯಾಕ್ಟರ್ ಹತ್ತಿದಳು. ಅವತ್ತು ಹೊಡೆಯಬೇಕಾದ ಹೊಲ ದೂರದಲ್ಲಿತ್ತು.